ಹನ್ನೆರಡನೆಯ ಪೆಟ್ಟಿಗೆ

ಹನ್ನೊಂದು ಪೆಟ್ಟಿಗೆಗಳು ವ್ಯಾನಿಗೆ ಏರಿದವು. ಹನ್ನೆರಡನೆಯದನ್ನು ಡೆಲೋರಿಸ್ ಮುಟ್ಟಲಿಲ್ಲ.

ಅಮೆರಿಕದ ಪ್ಲಿಮತ್ ಬಳಿಯ ಕಾಲೇಜಿನ ನೆಲಮಾಳಿಗೆಯ ಬಾಗಿಲಲ್ಲಿ ನೀಲಾಂಬಿಕಾ ಪಟ್ಟಿ ಹಿಡಿದು ನಿಂತಿದ್ದಳು. ಕಾಲೇಜಿನ ಹಳೆಯ ಸಂಗ್ರಹವೆಲ್ಲ ಅವಳ ಸುಪರ್ದಿಯಲ್ಲಿತ್ತು. ಎಪ್ಪತ್ತು ವರ್ಷಗಳ ಹಿಂದೆ ಇಲ್ಲಿನ ಪ್ರೊಫೆಸರೊಬ್ಬ ಪೊಟಾವಟಮಿ ಮೂಲನಿವಾಸಿಗಳ ಸಮಾಧಿಗಳನ್ನು ಅಗೆದು ಎಲುಬುಗಳನ್ನು ತಂದಿಟ್ಟಿದ್ದ. ಅವನ್ನು ಕಾಲೇಜು ಇಂದು ಅವರಿಗೆ ಮರಳಿಸುತ್ತಿತ್ತು. ಅವರ ಪರವಾಗಿ ಬಂದಿದ್ದ ಹಿರಿಯ ಮಹಿಳೆ ಡೆಲೋರಿಸ್.

ಹೊರಗೆ ಹುಲ್ಲಿನ ಮೇಲೆ ಸಮಾರಂಭದ ಕುರ್ಚಿಗಳು, ಕ್ಯಾಮೆರಾಗಳು ತುಂಬಿದ್ದವು. ಡೀನ್ ಆಗಲೇ ಎರಡು ಸಲ ಕರೆ ಮಾಡಿದ್ದರು. ಪಟ್ಟಿಯ ಕೆಳಗಿದ್ದದ್ದು ನೀಲಾಂಬಿಕಾಳ ಸಹಿ. ತಪ್ಪಾಗಿದ್ದರೆ ಅದು ಅವಳದೇ ತಪ್ಪು.

ಹನ್ನೆರಡನೆಯ ಪೆಟ್ಟಿಗೆಯಲ್ಲಿದ್ದವಳು ಒಬ್ಬ ಹೆಣ್ಣು. ಹಲ್ಲುಗಳೆಲ್ಲ ಕಂದುಗೆಂಪು. ‘ಮಣ್ಣಿನ ಕಲೆ’ ಎಂದು ನೀಲಾಂಬಿಕಾಳೇ ಬರೆದಿದ್ದಳು. ಬರೆಯುವಾಗ ಏನೂ ಅನ್ನಿಸಿರಲಿಲ್ಲ. ಕೊರೋನಾ ವರ್ಷದಲ್ಲಿ, ಗದಗಿನಲ್ಲಿ ಅವ್ವನನ್ನು ಮಣ್ಣು ಮಾಡಿದ್ದನ್ನು ಫೋನಿನ ಪರದೆಯಲ್ಲಿ ನೋಡಿದಂದಿನಿಂದ ಅವಳಿಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ.

ಗಂಡ ಕಲ್ಮೇಶನ ಫೋನ್ ಬಂತು.

“ಮುಗೀತೇನು? ನೋವೈದಾಗಿನ ಗುಡಿಗೆ ಹೋಗೂದೈತಿ, ಆರಕ್ಕ ರೆಡಿ ಇರು.”

“ಇನ್ನೂ ಒಂದು ಉಳದೈತಿ. ಅವರು ಒಯ್ಯವಲ್ಲರು.”

“ಬಿಡು ಅತ್ಲಾಗ. ಅವರ ಹಿರಿಯರು, ಅವರು ನೋಡ್ಕೋತಾರ. ನಿನಗೇನ್ ಸಂಬಂಧ?”

ಏನೂ ಇಲ್ಲ ಎಂದು ಅವಳಿಗೂ ಅನ್ನಿಸಿತು. ಫೋನ್ ಇಟ್ಟಳು.

ಡೆಲೋರಿಸ್ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂರು ತಿಂಗಳಿಂದ ಪ್ರತಿ ಮಂಗಳವಾರ ಬಂದು, ಕಾಲೇಜು ಅವರಿಗಾಗಿ ತೆರೆದುಕೊಟ್ಟ ಹಳೆಯ ಕಾಗದಪತ್ರಗಳನ್ನು ಓದಿದ್ದರು. ತಪ್ಪು ಹುಡುಕಿ ಕ್ಯಾಮೆರಾಗಳ ಮುಂದೆ ಕಾಲೇಜಿನ ಮಾನ ಕಳೆಯುವುದಕ್ಕೇ ಇರಬಹುದೇ ಎಂದು ನೀಲಾಂಬಿಕಾಳಿಗೆ ಅನುಮಾನ.

“ನಿಮ್ಮ ಕಡೆ ಸತ್ತವರನ್ನು ಏನು ಮಾಡುತ್ತೀರಿ?” ಡೆಲೋರಿಸ್ ಇಂಗ್ಲಿಷಿನಲ್ಲಿ ಕೇಳಿದರು.

ಹೊತ್ತು ಕಳೆಯುವ ಮಾತು ಎಂದುಕೊಂಡಳು ನೀಲಾಂಬಿಕಾ. “ನಮ್ಮಲ್ಲಿ ಮಣ್ಣು ಮಾಡುತ್ತೇವೆ. ಕೂಡಿಸಿ, ಕೈಯಲ್ಲಿ ಲಿಂಗ ಇಟ್ಟು. ಬೇರೆಯವರು ಸುಡುವುದೂ ಉಂಟು.”

“ಹಿಂದೆ ಮುಂದೆ ಯಾರೂ ಇಲ್ಲದವರಾದರೆ?”

“ಊರವರೇ ಯಾರಾದರೂ ನಿಂತು ಮಾಡುತ್ತಾರೆ.”

“ಒಳ್ಳೆಯದು,” ಎಂದರು ಡೆಲೋರಿಸ್.

ನೀಲಾಂಬಿಕಾ ಗಡಿಯಾರ ನೋಡಿದಳು. “ಮೇಡಂ, ಹೊರಗೆ ಎಲ್ಲ ಕಾಯುತ್ತಿದ್ದಾರೆ. ಇವಳನ್ನು ಯಾಕೆ ಒಯ್ಯುತ್ತಿಲ್ಲ?”

“ನಮ್ಮವಳಲ್ಲ. ಇವಳನ್ನು ಇವಳ ಜನವೇ ಕರೆದುಕೊಂಡು ಹೋಗಬೇಕು. ಗೊತ್ತಿದ್ದೂ ನಮ್ಮ ಮಣ್ಣಿಗೆ ಹಾಕಿದರೆ ಆ ಪ್ರೊಫೆಸರಿಗೂ ನನಗೂ ಏನು ವ್ಯತ್ಯಾಸ?”

ಅವಳು ಪೆನ್ನು ತೆಗೆದಳು. “ಯಾವ ಜನ? ಒಡಾವಾ ಬುಡಕಟ್ಟೇ? ಓಜಿಬ್ವೆಯೇ? ಹೇಳಿ, ಅವರ ಕಚೇರಿಗೆ ಈಗಲೇ ಫೋನ್ ಮಾಡುತ್ತೇನೆ.”

ಡೆಲೋರಿಸ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಾವಿನ ಸುದ್ದಿ ಹೇಳಲು ಬಂದವರು ಬಾಗಿಲಲ್ಲಿ ನಿಂತು ಹಾಗೆ ನೋಡುತ್ತಾರೆ.

“ಫೋನ್ ಬೇಡ,” ಎಂದು ಚೀಲದಿಂದ ಒಂದು ಕಾಗದ ತೆಗೆದು ಅವಳ ಕೈಗಿಟ್ಟರು. “ಪ್ರೊಫೆಸರನ ಪತ್ರಗಳ ನಡುವೆ ಸಿಕ್ಕಿತು. ಕಪಾಟು ಬದಲಿಸುವಾಗ ಯಾರೋ ಇವಳನ್ನೂ ನಮ್ಮವರ ಜೊತೆ ಸೇರಿಸಿಟ್ಟಿದ್ದಾರೆ.”

ಹಡಗಿನ ಸರಕು ಚೀಟಿಯ ನಕಲು ಅದು. ಟೈಪಾಗಿದ್ದದ್ದು ಒಂದೇ ಸಾಲು.

‘ಕಲ್ಕತ್ತಾ ಬಂದರು, 1956: ಪಾಠದ ಉಪಯೋಗಕ್ಕೆ ಅಸ್ಥಿಪಂಜರ ಒಂದು, ಹೆಣ್ಣು, ಭಾರತೀಯಳು.’