ಮುಸುಕು ಹಾಕಿದ ಜೋಳ

ಬಸ್ಸಿಳಿದವಳೇ ಸುನಂದಾ ಪೇಡೆಯ ಡಬ್ಬಿ ಹಿಡಿದು ನೇರ ಹಂಪಣ್ಣನ ಹೊಲಕ್ಕೆ ಬಂದಳು. ಮಲ್ಲಟದ ಆ ಹೊಲದ ಒಂದು ಮೂಲೆಯಲ್ಲಿ ಅವಳ ಜೋಳ ಕೊಯ್ಲಿಗೆ ಬಂದು ನಿಂತಿತ್ತು. ಒಂದೊಂದು ತೆನೆಗೂ ಕಾಗದದ ಚೀಲ, ಚೀಲದ ಬಾಯಿಗೆ ಪಿನ್ನು. ಹಂಪಣ್ಣನ ಹೆಂಡತಿ ಶಿವಬಸಮ್ಮ ಕುಡುಗೋಲು ಹಿಡಿದು ಆಗಲೇ ಕಾದಿದ್ದಳು. ಪೇಡೆ ಬಾಯಿಗೆ ಹಾಕಿಕೊಂಡು, ಮದುವಿ ಗೊತ್ತಾತೇನವ್ವಾ ಎಂದು ಕೇಳಿದಳು. ಮದುವೆ ಅಲ್ಲ, ಅದಕ್ಕಿಂತ ದೊಡ್ಡದು ಅಂದಳು ಸುನಂದಾ.

ದೊಡ್ಡದೇ ಆಗಿತ್ತು. ದೇಶದ ಸಸ್ಯವಿಜ್ಞಾನಿಗಳೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದು ತಿಂಗಳಿಗೊಮ್ಮೆ ಸುದ್ದಿಪತ್ರ ಕಳಿಸುತ್ತದೆ. ಯಾರಿಗೆ ಪ್ರಶಸ್ತಿ ಬಂತು, ಸಮ್ಮೇಳನ ಎಲ್ಲಿ, ಕೆಲಸ ಎಲ್ಲಿ ಖಾಲಿ, ಎಲ್ಲ ಅದರಲ್ಲಿ. ರಾಯಚೂರಿನಲ್ಲಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವ ಸುನಂದಾ ಇಷ್ಟು ವರ್ಷ ಅದನ್ನು ಓದಿದ್ದು ಬೇರೆಯವರ ಹೆಸರು ನೋಡಿ ಹೊಟ್ಟೆ ಉರಿಸಿಕೊಳ್ಳಲಿಕ್ಕೇ. ಈ ಸಲ ಅವಳ ಹೆಸರೇ ಬಂದಿತ್ತು, ಫೋಟೋ ಸಮೇತ. ದೇಶಕ್ಕೆಲ್ಲ ಒಬ್ಬರಿಗೇ ಕೊಡುವ ಫೆಲೋಶಿಪ್ಪು. ಅವಳ ಗುತ್ತಿಗೆ ಮಾರ್ಚಿಗೆ ಮುಗಿಯುತ್ತಿತ್ತು, ವಯಸ್ಸಿನ ಮಿತಿಯೂ ಈ ವರ್ಷಕ್ಕೇ ಕೊನೆ. ಇದು ತಪ್ಪಿದರೆ ಎಲ್ಲಾದರೂ ಟ್ಯೂಷನ್ ಹೇಳಿಕೊಂಡು ಇರಬೇಕು, ಅಷ್ಟೇ. ಶರತ್ತು ಒಂದೇ: ಅವಳು ಹುಡುಕಿದ ಹಳೇ ಜೋಳದ ಅಪ್ಪಟ ಬೀಜವನ್ನು ಈ ತಿಂಗಳಲ್ಲೇ ರಾಷ್ಟ್ರೀಯ ಬೀಜಭಂಡಾರಕ್ಕೆ ಒಪ್ಪಿಸಬೇಕು.

ಆ ಜೋಳ ದೇವದುರ್ಗದ ಕಡೆ ಬೂದೆಪ್ಪನೆಂಬ ಮುದುಕನ ಗಡಿಗೆಯ ತಳದಲ್ಲಿ ಬೊಗಸೆಯಷ್ಟು ಉಳಿದಿತ್ತು. ಅವನು ಹೋದ, ಗಡಿಗೆಯೂ ಹೋಯಿತು. ಆಫೀಸಿನಲ್ಲಿ ಬಿತ್ತಲು ಒಂದು ಮಡಿ ಕೇಳಿದರೆ ಗುತ್ತಿಗೆಯವರಿಗೆಲ್ಲಿಯ ಹೊಲ ಅಂದುಬಿಟ್ಟರು. ಬೊಗಸೆಯನ್ನು ಪೂರ್ತಿ ತಂದು, ಪರಿಚಯದ ಹಂಪಣ್ಣನನ್ನು ಕೇಳಿ ಇಲ್ಲಿ ಬಿತ್ತಿದಳು. ಸುತ್ತಲೂ ಹೈಬ್ರಿಡ್ ಜೋಳ. ಅದರ ಹೂದೂಳು ಗಾಳಿಯಲ್ಲಿ ಬಂದು ಕೂತರೆ ತಳಿ ಕೆಡುತ್ತದೆ ಅಂತ, ಹೂವಾಡುವ ಮೊದಲೇ ತೆನೆಗಳಿಗೆಲ್ಲ ಚೀಲ ತೊಡಿಸಿದ್ದಳು. ಶಿವಬಸಮ್ಮ ಯಾಕವ್ವಾ ಇದು ಅಂದಾಗ ಹೂದೂಳಿನ ಪುರಾಣ ಯಾರು ಹೇಳಬೇಕು ಅನಿಸಿ, ಹಕ್ಕಿ ತಿಂತಾವ ಅಂತ ಹೇಳಿ ಕೈತೊಳೆದುಕೊಂಡಿದ್ದಳು. ಓದಿದವರ ಸೋಮಾರಿತನ ಅಂದರೆ ಇದೇ ನೋಡಿ.

ಈಗ ಇಬ್ಬರೂ ಕೂತು ಕೊಯ್ದ ತೆನೆಗಳ ಚೀಲ ಬಿಚ್ಚತೊಡಗಿದರು. ಒಂದು ಚೀಲವೂ ಹರಿದಿರಲಿಲ್ಲ. ಆದರೆ ಪಿನ್ನುಗಳು ಅಡ್ಡಡ್ಡ ಇದ್ದವು. ಸುನಂದಾ ಯಾವಾಗಲೂ ಉದ್ದಕ್ಕೆ ಚುಚ್ಚುವವಳು. ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು, ಎಲ್ಲವೂ ಹಾಗೇ. ಈ ಪಿನ್ನು ಯಾರು ಹಾಕಿದ್ದು ಎಂದು ಕೇಳಿದಳು.

"ನಾವ ಎಳ್ಳಮಾಸಿ ದಿನ ತಗದು ಮತ್ತ ಹಾಕೀವಿ," ಅಂದಳು ಶಿವಬಸಮ್ಮ, ಏನೂ ಅಲ್ಲದ ಮಾತಿನಂತೆ. "ಚರಗ ಚೆಲ್ಲೋ ದಿನ ಬೆಳಿ ಬಸುರಿ ಇರತದ. ಬಸುರಿ ಮಾರಿ ಮುಚ್ಚಿ ಯಾರರ ಕುಬಸ ಮಾಡತಾರೇನವ್ವಾ?"

"ಎಷ್ಟೊತ್ತು ತಗದಿದ್ರಿ?"

"ಮುಂಜಾನಿ ತಗದು ಹೊತ್ತ ಮುಳುಗಾಕ ಹಾಕೀವಿ. ಹೆದರಬ್ಯಾಡ. ನಿಮ್ಮ ಕಾಕಾ ಇಡೀ ದಿನ ಕವಣಿ ಹಿಡದು ನಿಂತಿದ್ದ, ಒಂದ ಹಕ್ಕಿ ಕೂಡಗೊಟ್ಟಿಲ್ಲ."

ಸುನಂದಾ ಬೆರಳು ಮಡಿಸಿ ದಿನ ಲೆಕ್ಕ ಹಾಕಿದಳು. ಆ ದಿನ ಜೋಳ ಸರಿಯಾಗಿ ಹೂವಿನಲ್ಲಿತ್ತು, ಸುತ್ತಲಿನ ಹೈಬ್ರಿಡ್ಡೂ. ಎಳ್ಳಮಾವಾಸ್ಯೆಗೆ ಹೊಲಕ್ಕೆಲ್ಲ ಎಡೆ ಚೆಲ್ಲಿ ಬೆಳೆಗೆ ಸೀಮಂತ ಮಾಡುವ ಚರಗಕ್ಕೆ ಬಾ ಅಂತ ಇವರು ಫೋನು ಮಾಡಿ ಕರೆದದ್ದು ನೆನಪಿತ್ತು. ಸಂದರ್ಶನ ಅದ, ಬರೋದಾಗಲ್ಲ ಅಂದಿದ್ದಳು. ಅತ್ತ ಕಂಪ್ಯೂಟರಿನ ಮುಂದೆ ಕೂತು, ನನ್ನ ತೆನೆಗಳನ್ನು ಗಾಳಿಯೂ ಮುಟ್ಟಿಲ್ಲ ಅಂತ ಹಿರಿಯ ವಿಜ್ಞಾನಿಗಳಿಗೆ ಹೇಳುವ ಹೊತ್ತಿಗೆ, ಇತ್ತ ಇವರು ಆ ತೆನೆಗಳ ಮುಸುಕು ತೆಗೆದು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಚಿಕ್ಕವಳಿದ್ದಾಗ ತಾನೂ ಅಜ್ಜಿಯ ಹೊಲದಲ್ಲಿ ಚರಗದ ಕಡಬು ತಿಂದವಳೇ. ಬೆಳೆಯನ್ನು ಬಸುರಿ ಅನ್ನುವುದು ಅವಳಿಗೆ ಗೊತ್ತಿಲ್ಲದ ಮಾತೇ? ಒಂದು ಮಾತು, ಹಕ್ಕಿ ಅಲ್ಲ ಯವ್ವಾ ಗಾಳಿ ಅಂತ ಒಂದೇ ಮಾತು ಆವತ್ತು ಹೇಳಿದ್ದರೆ ಸಾಕಿತ್ತು. 

ಕಾಳು ನೋಡಿದರೆ ಯಾರಿಗೂ ತಿಳಿಯುವುದಿಲ್ಲ, ಹಾಗೇ ಕಳಿಸಿದರಾಯಿತು ಎಂಬ ಯೋಚನೆಯೂ ಬಂದು ಹೋಯಿತು. ಆದರೆ ಭಂಡಾರದವರು ಬಿತ್ತಿ ನೋಡಿದಾಗ ಅದೇ ಜೋಳ ಎದ್ದು ನಿಂತು, ಒಂದು ಉದ್ದ ಒಂದು ಗಿಡ್ಡ, ಎಲ್ಲ ಹೇಳುತ್ತದೆ. ಬೂದೆಪ್ಪನ ಜೋಳ ಇನ್ನು ಎಲ್ಲೂ ಇಲ್ಲ. ಫೋನು ತೆಗೆದಳು. ಸಂಘದ ಗುಂಪಿನಲ್ಲಿ ಅಭಿನಂದನೆಗಳು ಇನ್ನೂ ಬೀಳುತ್ತಲೇ ಇದ್ದವು. ಬೀಜ ಅಪ್ಪಟವಾಗಿ ಉಳಿದಿಲ್ಲ, ನನ್ನ ಹೆಸರು ಕೈಬಿಡಿ ಎಂದು ಕಾರ್ಯದರ್ಶಿಗೆ ಬರೆದು ಕಳಿಸಿ, ಫೋನನ್ನು ಮಗುಚಿ ಇಟ್ಟಳು.

ಮುಖ ನೋಡಿ ಶಿವಬಸಮ್ಮನಿಗೆ ಗಾಬರಿಯಾಯಿತು. ಕಾಳು ಕಮ್ಮಿ ಆಗ್ಯಾವೇನು ಅಂತ ಕೇಳಿದಳು. ಇಲ್ಲ ಯವ್ವಾ, ಚಲೋ ಬಂದಾವ ಅಂದಳು ಸುನಂದಾ. ಬೇರೆ ಏನು ಹೇಳಬೇಕು ಅವಳಿಗಾದರೂ?

ದೊಡ್ಡ ಕೆಲಸಕ್ಕೆ ಹೊರಟ ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಶಿವಬಸಮ್ಮ ನಾಲ್ಕು ತೆನೆ ಉಜ್ಜಿ, ಮೊರದಲ್ಲಿ ಕೇರಿ, ಸುನಂದಾಳ ವೇಲನ್ನೇ ಉಡಿ ಮಾಡಿಸಿ ಆ ಜೋಳವನ್ನು ಬೊಗಸೆ ತುಂಬ ಸುರಿದಳು. ಹಣೆಗೆ ಕುಂಕುಮ ಇಟ್ಟು ಗಲ್ಲ ಸವರಿ ಅಂದಳು:

"ಬರೋ ವರ್ಷನೂ ಬಿತ್ತೂಣು ತಗೋ. ಮುಸುಕು ನೀ ಹೇಳಿದಂಗ ಹಾಕತೀವಿ. ಅಮಾಸಿ ದಿನ ಅಷ್ಟ ತಗೀತೀವಿ."