ಹಳಿಗೆ ಎರಡೇಟು

ಅನೂಪನ ಕೈಯಿಂದ ಕೆಂಪು ಬಾವುಟ ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತು. ಇಬ್ರಾಹಿಂಪುರದ ಆಚೆಯ ತಿರುವಿನಲ್ಲಿ ರೈಲು ನಿಂತಿತ್ತು. ಹಳಿಯ ಪಕ್ಕದ ಜಲ್ಲಿಯಲ್ಲಿ ಬಿದ್ದಿದ್ದ ಗ್ಯಾಂಗ್‌ಮನ್ ರಮಜಾನನ ಮೇಲೆ ಯಾರೋ ಟವೆಲ್ ಹೊದಿಸಿದ್ದರು. ಟವೆಲ್ ಸಾಲುತ್ತಿರಲಿಲ್ಲ.

"ನಾ ಸೀಟಿ ಊದೀನ್ರಿ, ಬಾವುಟಾನೂ ಬೀಸೀನಿ. ರಮಜಾನ ಕಾಕಾ ತಿರುಗಿ ಸೈತ ನೋಡ್ಲಿಲ್ಲ. ನಾ ಓಡಿ ಮುಟ್ಟೂದ್ರಾಗ ಗಾಡಿ ಬಂದ ಬಿಡ್ತು," ಎಂದು ಅನೂಪ ಬಂದವರಿಗೆಲ್ಲ ಹೇಳುತ್ತಿದ್ದ. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಹಳಿಯ ಮೇಲೆ ಬಗ್ಗಿ ದುಡಿಯುವವರಿಗೆ ಗಾಡಿ ಬರುವುದನ್ನು ತಿಳಿಸುವ ಕಾವಲು ಅವನ ಪಾಲಿಗೆ ಬಂದದ್ದು ಇದೇ ಮೊದಲು. ಉಳಿದವರೆಲ್ಲ ಸೇತುವೆಯ ಆಚೆ ಇದ್ದರು. ಅವನ ಸೀಟಿ ಕೇಳಿದವರು ಒಬ್ಬರೂ ಇಲ್ಲ. ಎಂಜಿನ್ ಬೇರೆ ಕರೆಂಟಿನದು, ಮೊದಲಿನ ಹಾಗೆ ಊರಿಗೆಲ್ಲ ಡಂಗುರ ಸಾರಿಕೊಂಡು ಬರುವುದಿಲ್ಲ. ತಿರುವು ದಾಟಿ ಡ್ರೈವರ್ ಹಾರ್ನ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗ್ಯಾಂಗಿನಿಂದ ಕೆಲಸ ಮಾಡಿಸುವ ಮುಕಾದಮ ಸುರೇಶ ಆಫೀಸಿನಿಂದ ಓಡೋಡಿ ಬಂದ. ಹೇಗಾಯಿತೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ರಮಜಾನನಿಗೆ ಎರಡೂ ಕಿವಿ ಕೇಳಿಸದಾಗಿ ಬಹಳ ದಿನವಾಗಿತ್ತು. "ಸಾಹೇಬ್ರಿಗೆ ಗೊತ್ತಾದ್ರ ನನ್ನ ಎಲ್ಲಿಯರ ದೂರ ಒಗೀತಾರ, ಹೇಳಬ್ಯಾಡೋ ದೋಸ್ತ," ಎಂದು ಆಗ ಸುರೇಶನ ಕೈ ಹಿಡಿದಿದ್ದ. ಅಂದಿನಿಂದ ರಮಜಾನ ಇದ್ದ ಕಡೆಯೆಲ್ಲ ಕಾವಲು ಸುರೇಶನದೇ. ಗಾಡಿ ಕಂಡರೆ ಸುತ್ತಿಗೆಯಿಂದ ಹಳಿಗೆ ಎರಡೇಟು ಹಾಕುತ್ತಿದ್ದ. ಹಳಿಗೆ ಆನಿಸಿದ ಹಾರೆ ಕೈಯಲ್ಲಿ ಅದುರಿದ ಕೂಡಲೇ ರಮಜಾನ ನಗುತ್ತ ಪಕ್ಕಕ್ಕೆ ಸರಿಯುತ್ತಿದ್ದ. ಇವತ್ತು ಆಫೀಸಿನಿಂದ ಕರೆ ಬಂದಾಗ ಸುರೇಶ ಸೀಟಿ, ಬಾವುಟ ಎರಡನ್ನೂ ಅನೂಪನಿಗೆ ಕೊಟ್ಟ. ಸುತ್ತಿಗೆಯ ಮಾತೆತ್ತಿದರೆ ಗುಟ್ಟು ರಟ್ಟಾಗುತ್ತದೆಂದು ಸುಮ್ಮನೆ ಹೋದ. ಒಂದು ತಾಸಿನಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡಿದ್ದ, ಪುಣ್ಯಾತ್ಮ.

ರಮಜಾನನ ಹೆಂಡತಿ ರೋಶನಬಿ ಆಟೋದಿಂದ ಇಳಿದಳು. ಅಳಲಿಲ್ಲ. ನೇರ ಸುರೇಶನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು:

"ಹಳಿ ಯಾರೂ ಬಡೀಲಿಲ್ಲೇನ್ರಿ, ಅಣ್ಣಾ?"

ರೋಶನಬಿ ಇನ್ನಷ್ಟು ಹತ್ತಿರ ಸರಿದಳು.

"ಆಗಿದ್ದ ಆತು. ಕಿವಿ ಮಾತ ಎತ್ತಬ್ಯಾಡ್ರಿ. ತಪ್ಪೆಲ್ಲಾ ನಮ್ಮನಿಯವರದ ಅಂತ ಬರದ, ಪರಿಹಾರ ಕೊಡದ ಸಾಹೇಬ್ರು ಕೈ ತೊಳ್ಕೋತಾರ."

ಮಧ್ಯಾಹ್ನ ವಿಚಾರಣೆಗೆ ಬಂದ ಅಧಿಕಾರಿ ಸುರೇಶನನ್ನು ಬದಿಗೆ ಕರೆದ. "ಸೀಟಿ ಊದಿದ್ರೆ ಆತ ಯಾಕೆ ಸರಿಯಲಿಲ್ಲ? ಕಿವಿ ಮಂದ ಇತ್ತಾ?"

ಹೌದೆಂದರೆ ಅನೂಪ ಉಳಿಯುತ್ತಾನೆ. ಗೊತ್ತಿದ್ದೂ ಕಿವುಡನನ್ನು ಹಳಿಗಿಳಿಸಿದ ಸುರೇಶನ ಕೆಲಸ ಹೋಗುತ್ತದೆ, ಜೈಲೂ ಆದೀತು. ರೋಶನಬಿಗಾಗಿ ಇದೊಂದು ಸುಳ್ಳು ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಅದರಲ್ಲಿ ಅವಳ ಪಾಲೆಷ್ಟು, ತನ್ನದೆಷ್ಟು ಎಂದು ತೂಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

"ಇಲ್ರಿ ಸಾಹೇಬ್ರ. ಕಿವಿ ಚಲೋ ಇದ್ದೂವು."

ಅಧಿಕಾರಿ ಅನೂಪನತ್ತ ತಿರುಗಿದ. "ಆತನ ಕಿವಿ ಚೆನ್ನಾಗೇ ಇತ್ತಂತಲ್ಲ. ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ. ಪೊಲೀಸರು ಕರೆದಾಗ ಬಂದರೆ ಸಾಕು," ಎಂದು ಜೀಪು ಹತ್ತಿದ.

ಅನೂಪ ಜಗಳಕ್ಕೆ ಬರುತ್ತಾನೆಂದು ಸುರೇಶ ಕಾದ. ಬಾಯಿಗೆ ಬಂದಂತೆ ಬೈದಿದ್ದರೂ ಒಳಗೊಳಗೇ ಹಗುರಾಗುತ್ತಿದ್ದ. ಆದರೆ ಅನೂಪ ಬಂದು ಅವನ ತೋಳು ಹಿಡಿದುಕೊಂಡ. ಕಣ್ಣೀರು ಗದ್ದದ ತನಕ ಇಳಿದಿತ್ತು.

"ಹಂಗಾದ್ರ ನಾ ಊದಿದ್ದ ಅವರಿಗೆ ಮುಟ್ಟಲೇ ಇಲ್ಲೇನ್ರಿ? ನಾ ಜೋರ ಊದೀನಂತ ತಿಳ್ಕೊಂಡಿದ್ನಿ."

ಸುರೇಶ ಅವನ ಬೆನ್ನು ಸವರಿದ.

"ಇನ್ನೊಂದ ಸ್ವಲ್ಪ ಜೋರ ಊದಬೇಕಿತ್ತು, ತಮ್ಮಾ."