ಅಳಿಸಿದ ಸಾಲು

"ಮುತ್ತು ಪೋಣಿಸಿದ ಹಾಗಿದೆ, ನೋಡಿ!" ಹೆಡ್‌ಮಾಸ್ಟರು ಹೋಂವರ್ಕ್ ಪುಸ್ತಕವನ್ನು ತಾಯಿಯ ಮುಂದೆ ತಳ್ಳಿದರು. "ನಿಮ್ಮ ಮಗಳು ಸುಧಾರಿಸಿದಾಳೆ. ಇನ್ಮೇಲೆ ಆ ವಿಶೇಷ ಪಾಠಾನೂ ಬೇಡ, ಕೈಗೆ ಥೆರಪೀನೂ ಬೇಡ. ಇಲ್ಲೊಂದು ಸಹಿ ಹಾಕ್ಬಿಡಿ."

ತಾಯಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಪಕ್ಕದಲ್ಲಿ ಎಂಟು ವರ್ಷದ ಮಗಳು, ಬೆರಳಿಗೆ ಬಲ ಬರಲೆಂದು ಥೆರಪಿಸ್ಟ್ ಕೊಟ್ಟಿದ್ದ ಜೇಡಿಮಣ್ಣಿನ ಉಂಡೆಯನ್ನು ಹಿಸುಕುತ್ತಲೇ ಇದ್ದಳು. ಮೂರು ತಿಂಗಳ ಹಿಂದೆ ಆ ಬೆರಳುಗಳಲ್ಲಿ ಪೆನ್ಸಿಲ್ಲೇ ನಿಲ್ಲುತ್ತಿರಲಿಲ್ಲ. ಈಗ ಒಂದು ಸಾಲು ಬರೆಯುವಷ್ಟು ಹೊತ್ತು ನಿಲ್ಲುತ್ತಿತ್ತು. ಸೊಟ್ಟಗಿದ್ದ ಆ ಸಾಲನ್ನು ಕಂಡು ತರಗತಿಯಲ್ಲಿ ನಕ್ಕಾರೆಂದು ತಾಯಿ ದಿನವೂ ಅದನ್ನು ಅಳಿಸಿ, ಇಡೀ ಪುಟವನ್ನು ತಾನೇ ಬರೆದು ಕಳಿಸಿದ್ದಳು.

"ಯಾಕಮ್ಮಾ ಅನುಮಾನ? ವಿಶೇಷ ಪಾಠದ ಪಟ್ಟೀಲಿ ಒಂದು ಹೆಸರು ಕಮ್ಮಿ ಆದ್ರೆ ಮೇಲಿನವರಿಗೂ ಖುಷಿ."

ಮಗಳು ಪಟ್ಟಿಯಲ್ಲಿ ಒಂದು ಹೆಸರು ಮಾತ್ರ! ತಾಯಿಗೆ ಮೈಯೆಲ್ಲ ಉರಿಯಿತು. ಅವಳು ಸಹಿಯ ಕಾಗದವನ್ನು ಬದಿಗೆ ಸರಿಸಿ, ಹೋಂವರ್ಕಿನ ಕೊನೆಯ ಸಾಲನ್ನೇ ಅದರ ಕೆಳಗೆ ಮತ್ತೊಮ್ಮೆ ಬರೆದು, ಪುಸ್ತಕವನ್ನು ಅವರತ್ತ ತಿರುಗಿಸಿದಳು. ಎರಡೂ ಒಂದೇ ಕೈಬರಹ.

"ತಪ್ಪು ನಂದು ಸಾರ್, ಇವಳದಲ್ಲ," ಎಂದ ತಾಯಿ ಹೊಸ ಪುಟ ತೆರೆದು ಪೆನ್ಸಿಲನ್ನು ಮಗಳ ಕೈಗಿಟ್ಟಳು. "ನೀನು ಬರಿ ಪುಟ್ಟಿ. ನಿಧಾನಕ್ಕೆ ಬರಿ. ಸಾರ್ ಕಾಯ್ತಾರೆ."